ಬಿಚ್ಚದ ಬುತ್ತಿ

ಕೇಶ್ವಾಪುರ, ಹುಬ್ಬಳ್ಳಿ
14 ಜುಲೈ 1998

ಪೀಟರ್ ಅವರಿಗೆ ಸೂಸನ್ ಮಾಡುವ ವಂದನೆ.

ಇತ್ತ ಎಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ನೀವು ಕೇಳಿ ವರ್ಗ ಮಾಡಿಸಿಕೊಂಡು ಗುಂತಕಲ್ಲಿಗೆ ಹೋದ ಮೇಲೆ ಆ ವಾಕ್ಯ ಬರೆಯಲು ನನಗೆ ಕೈ ಬರುವುದಿಲ್ಲ. ಹಾಗಂತ ಗೋಡೆ ನೋಡುತ್ತ ಅಳುತ್ತ ಕೂತಿದ್ದೇನೆ ಎಂದು ತಿಳಿಯಬೇಡಿ. ಅಳುವುದಕ್ಕೂ ಪುರುಸೊತ್ತು ಬೇಕು. ಬೆಂಗೇರಿಯ ಹೈಸ್ಕೂಲಿನಲ್ಲಿ ನನಗೆ ಈ ವರ್ಷ ಒಂಬತ್ತನೇ ತರಗತಿ ಕೊಟ್ಟಿದ್ದಾರೆ.

ರೈಲಿನಲ್ಲಿ ಆ ಬಾಂಬ್ ಸಿಡಿದು ನಮ್ಮ ಮಗಳು ಜೂಲಿಯಾ ಹೋಗಿ ಮೊನ್ನೆಗೆ ವರ್ಷವಾಯಿತು. ಚರ್ಚಿನ ಅಯ್ಯನವರು ಮನೆಗೆ ಬಂದು ಪ್ರಾರ್ಥನೆ ಮಾಡಿದರು. ನಿಮ್ಮ ಕುರ್ಚಿ ಖಾಲಿ ಇತ್ತು, ಅದನ್ನು ನೋಡಿ ನೋಡದ ಹಾಗೆ ಮಾಡಿದರು. ನನ್ನ ಬಲಗಿವಿ ಇನ್ನು ಕೇಳುವುದಿಲ್ಲ ಎಂದು ಡಾಕ್ಟರು ಖಚಿತವಾಗಿ ಹೇಳಿದ್ದಾರೆ. ಅದೂ ಒಂದು ಅನುಕೂಲವೇ. ಕೇಳುವ ಕಿವಿಯನ್ನು ದಿಂಬಿಗೆ ಒತ್ತಿ ಮಲಗಿದರೆ ರೈಲಿನ ಸೀಟಿ ಕೇಳಿಸುವುದಿಲ್ಲ.

ಶಾಲೆಯಲ್ಲಿ ನಡೆದದ್ದನ್ನು ನಿಮಗೆ ಹೇಳಲೇಬೇಕು. ಮಧ್ಯಾಹ್ನ ಮಕ್ಕಳು ಊಟಕ್ಕೆ ಕೂತಿದ್ದರು. ತಾಜಬಿ ಎಂಬ ಹುಡುಗಿ ಬುತ್ತಿಯ ಗಂಟು ಬಿಚ್ಚಿ ಪಕ್ಕದವಳಿಗೆ ಒಂದು ತುಂಡು ರೊಟ್ಟಿ ಚಾಚಿದಳು. ಹಿಂದಿನಿಂದ ಯಾರೋ, "ಮುಟ್ಟಬ್ಯಾಡ್ರಲೇ, ಬಾಂಬ್ ಇರತೈತಿ!" ಎಂದರು. ಇಡೀ ತರಗತಿ ನಕ್ಕಿತು. ತಾಜಬಿ ಬುತ್ತಿ ಕಟ್ಟಿಟ್ಟು ಆ ದಿನ ಏನೂ ತಿನ್ನಲಿಲ್ಲ. ನಕ್ಕವರಲ್ಲಿ ಒಬ್ಬರೂ ಕೆಟ್ಟ ಮಕ್ಕಳಲ್ಲ, ನನಗೆ ಹೆದರಿಕೆಯಾದದ್ದು ಅದಕ್ಕೇ.

ಹೆಡ್‌ಮಾಸ್ತರ್ ಗುರುಶಿದ್ದಪ್ಪನವರಿಗೆ ಹೇಳಿದೆ. "ನೀವು ಆ ರೈಲಿನ ಡಬ್ಬಿಯೊಳಗ ಇದ್ದವರು ಅಕ್ಕಾರ. ನೀವು ಹೇಳಿದ್ರ ಹುಡುಗರು ಕೇಳ್ತಾವು, ಏನರ ಮಾಡ್ರಿ," ಎಂದರು. ಏನಾದರೂ ಮಾಡಬೇಕು ಅಂದುಕೊಂಡಿದ್ದೇನೆ. ನನ್ನ ಜೊತೆ ಹಳೇ ಹುಬ್ಬಳ್ಳಿಯ ಶಹಜಹಾನಬೇಗಂ ಅವರೂ ಬರುತ್ತಾರೆ. ಆ ಡಬ್ಬಿಯಲ್ಲೇ ತೀರಿಕೊಂಡ ದರ್ಜಿ ಗುಲಾಬಸಾಬರ ಹೆಂಡತಿ. ನಿಮಗೆ ಸಿಟ್ಟು ಬರುತ್ತದೆ ಎಂದು ಗೊತ್ತಿದ್ದೇ ಬರೆದಿದ್ದೇನೆ.

ರಜೆ ಹಾಕಿ ಬನ್ನಿ. ಮನೆಯಲ್ಲಿ ನಿಮ್ಮ ಕೆಮ್ಮು ಕೇಳದೆ ಬೇಸರವಾಗಿದೆ.

ನಿಮ್ಮ ಸೂಸನ್


ಗುಂತಕಲ್
2 ಆಗಸ್ಟ್ 1998

ಸೂಸನ್,

ಪತ್ರ ಸಿಕ್ಕಿತು. ರಜೆ ಮಂಜೂರಾಗಿಲ್ಲ. ಇಲ್ಲಿ ನಮ್ಮಂಥ ಗಾರ್ಡುಗಳು ಕಡಿಮೆ, ರೈಲು ಗಾಡಿಗಳು ಜಾಸ್ತಿ.

ಮಕ್ಕಳಿಗೆ ಬುದ್ಧಿ ಹೇಳು, ಬೇಡ ಎನ್ನುವುದಿಲ್ಲ. ಆದರೆ ಆ ಹೆಣ್ಣುಮಗಳನ್ನು ನಮ್ಮ ಮನೆಯ ಹೊಸ್ತಿಲು ದಾಟಿಸಬೇಡ. ಆಗ ಪೇಪರಿನಲ್ಲಿ ಬಂದದ್ದನ್ನು ನೀನು ಮರೆತಿರಬಹುದು, ನಾನು ಮರೆತಿಲ್ಲ. ಡಬ್ಬಿಯಲ್ಲಿ ಒಬ್ಬ ಮನುಷ್ಯ ಗಂಟು ಬಿಚ್ಚಿದ, ಆ ಕೂಡಲೇ ಸಿಡಿಯಿತು ಎಂದು ಬರೆದಿದ್ದರು. ಆ ಮನುಷ್ಯ ಅವಳ ಗಂಡ. ಪೊಲೀಸರು ಇನ್ನೂ ತನಿಖೆ ಮಾಡುತ್ತಿದ್ದಾರೆ. ಅದು ಮುಗಿಯುವವರೆಗೆ ನನಗೆ ಯಾರ ಕಣ್ಣೀರಿನ ಮೇಲೂ ನಂಬಿಕೆಯಿಲ್ಲ.

ನೀನು ಶಾಲೆಯಲ್ಲಿ ನಿಂತು ನಮ್ಮ ಮಗಳ ಸಾವನ್ನು ಕಥೆ ಮಾಡಿ ಹೇಳುತ್ತೀಯಾ? ಹೇಗೆ ಬಾಯಿ ಬರುತ್ತದೆ?

ಆ ಬೆಳಗ್ಗೆ ನಿನ್ನ ಅಕ್ಕ ನಿಮಗೆ ಬುತ್ತಿ ಕಟ್ಟಿದ್ದಳು, ಗಡಿಬಿಡಿಯಲ್ಲಿ ನೀವು ಅದನ್ನು ಕಟ್ಟೆಯ ಮೇಲೇ ಬಿಟ್ಟು ಬಂದಿರಿ. ಅದು ಅಲ್ಲೇ ಇತ್ತು ಎಂದು ಅವಳೇ ಹೇಳಿದಳು. ಮಗು ಹಸಕೊಂಡು ಹೋಯಿತು, ಸೂಸನ್. ಬೇರೆ ಯಾವುದನ್ನಾದರೂ ನುಂಗಿಕೊಂಡೇನು, ಇದೊಂದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಇಲ್ಲಿನ ಊಟ ಬರೀ ಅನ್ನ ಮತ್ತು ಖಾರ. ಜೋಳದ ರೊಟ್ಟಿ ಕಂಡು ಬಹಳ ದಿನವಾಯಿತು.

ಪೀಟರ್


ಹುಬ್ಬಳ್ಳಿ
11 ನವೆಂಬರ್ 1998

ಪೀಟರ್ ಅವರಿಗೆ,

ನಿಮ್ಮ ಪತ್ರಕ್ಕೆ ತಡಮಾಡಿ ಉತ್ತರ ಬರೆಯುತ್ತಿದ್ದೇನೆ. ಮೊದಲು ಸಿಟ್ಟಿತ್ತು, ಆಮೇಲೆ ಕೆಲಸವಿತ್ತು.

ಶಾಲೆಯಲ್ಲಿ ನಾನು ನಮ್ಮ ಮಗಳ ಸಾವಿನ ಕಥೆ ಹೇಳುವುದಿಲ್ಲ. ಅವಳ ಹೆಸರು ಕೂಡ ತೆಗೆದಿಲ್ಲ. ಶನಿವಾರ ಬೆಳಗಿನ ಶಾಲೆಯಲ್ಲವೇ, ಬಿಟ್ಟ ಮೇಲೆ ಒಂಬತ್ತು, ಹತ್ತನೇ ತರಗತಿಯವರನ್ನು ಕೂರಿಸಿಕೊಳ್ಳುತ್ತೇವೆ. ಪ್ರತಿಯೊಬ್ಬರೂ ತಮ್ಮ ಕೈಯಾರೆ ಮಾಡಿ ಕಟ್ಟಿದ ಬುತ್ತಿ ತರಬೇಕು. ಗಂಡುಮಕ್ಕಳೂ ಮಾಡಬೇಕು, ಅವ್ವನ ಕೈಯಲ್ಲಿ ಮಾಡಿಸಿದರೆ ಬೇಗಂ ಅವರು ರೊಟ್ಟಿಯ ಅಂಚು ನೋಡಿಯೇ ಹಿಡಿಯುತ್ತಾರೆ. ಎಲ್ಲ ಬುತ್ತಿಗಳನ್ನೂ ಮೇಜಿನ ಮೇಲಿಟ್ಟು, ಒಬ್ಬರದನ್ನು ಇನ್ನೊಬ್ಬರು ಎತ್ತಿಕೊಳ್ಳಬೇಕು. ಬಿಚ್ಚುವ ಮೊದಲು ಅದನ್ನು ಕಟ್ಟಿದವರ ಹತ್ತಿರ ಹೋಗಿ ಮಾತಾಡಬೇಕು. ಮೊದಲ ವಾರ ಅರ್ಧ ಮಕ್ಕಳು ಗಂಟು ಹಿಡಿದು ಸುಮ್ಮನೆ ಕೂತಿದ್ದರು. ಈಗ ಗದ್ದಲ ತಡೆಯಲಾಗುವುದಿಲ್ಲ. ಮಾಂಸ, ಮೊಟ್ಟೆ ತರಕೂಡದು ಎಂದು ಕರಾರು ಮಾಡಿದ್ದೇವೆ. ಆ ವಿಷಯದಲ್ಲಿ ನಾವಿನ್ನೂ ಅಷ್ಟು ಧೈರ್ಯವಂತರಾಗಿಲ್ಲ.

ಉಂಡ ಮೇಲೆ ಪಾಠ. ಊರಲ್ಲಿ ಹಂಚುವ ಕರಪತ್ರಗಳನ್ನು ಮಕ್ಕಳೇ ತರುತ್ತಾರೆ, ಎಲ್ಲ ಕಡೆಯವರದೂ ಇರುತ್ತವೆ. ಗಟ್ಟಿಯಾಗಿ ಓದಿಸುತ್ತೇವೆ. ಇದನ್ನು ಬರೆದವರು ನಿಮ್ಮ ಕೈಯಲ್ಲಿ ಏನು ಮಾಡಿಸಬೇಕೆಂದಿದ್ದಾರೆ, ಅದರಿಂದ ಪೆಟ್ಟು ಯಾರಿಗೆ ಬೀಳುತ್ತದೆ ಎಂದು ಕೇಳುತ್ತೇವೆ. ಒಂದೇ ಎಲೆಯಲ್ಲಿ ಉಂಡವರ ಹೆಸರು ಹೇಳಿ ಪೆಟ್ಟು ಕೊಡುವುದು ಮಕ್ಕಳಿಗೆ ಕಷ್ಟವಾಗುತ್ತದೆ. ನಮ್ಮ ಪಾಠ ಇಷ್ಟೇ.

ಹಸಿವಿನ ವಿಷಯ ಬರೆದಿದ್ದೀರಿ. ಅದರ ಬಗ್ಗೆ ನಿಮಗೆ ಒಂದು ಮಾತು ಹೇಳುವುದಿದೆ. ಕಾಗದದಲ್ಲಿ ಹೇಳುವಂಥದ್ದಲ್ಲ, ಎದುರು ಕೂತು ನಿಮ್ಮ ಕೈ ಹಿಡಿದು ಹೇಳಬೇಕು. ಕ್ರಿಸ್‌ಮಸ್ಸಿಗೆ ಬನ್ನಿ. ಕರ್ಜಿಕಾಯಿ ಮಾಡುತ್ತೇನೆ. ನೀವು ಬಾರದಿದ್ದರೆ ಮಾಡುವುದಿಲ್ಲ.

ಸೂಸನ್


ಗುಂತಕಲ್
9 ಜನವರಿ 1999

ಸೂಸನ್,

ಕ್ರಿಸ್‌ಮಸ್ ದಿನ ಡ್ಯೂಟಿ ಇತ್ತು. ಹುಬ್ಬಳ್ಳಿ ಕಡೆಯ ಗಾಡಿಗಳನ್ನು ನನಗೆ ಹಾಕುವುದಿಲ್ಲ, ಆದ್ದರಿಂದ ಬರಲಾಗಲಿಲ್ಲ.

ನೀನು ಎದುರು ಕೂತು ಹೇಳಬೇಕೆಂದಿರುವ ಮಾತು ಏನೆಂದು ನನಗೆ ಗೊತ್ತು. ಅವರನ್ನು ಕ್ಷಮಿಸಿಬಿಡಿ ಎನ್ನುತ್ತೀ. ಅಯ್ಯನವರೂ ಅದನ್ನೇ ಬರೆದಿದ್ದಾರೆ. ಪೊಲೀಸರ ವರದಿ ನಾನೂ ಓದಿದೆ. ಬಾಂಬ್ ಇದ್ದದ್ದು ಸೀಟಿನ ಕೆಳಗಿನ ಚೀಲದಲ್ಲಿ, ಇಟ್ಟವರು ಹಿಂದಿನ ಸ್ಟೇಷನ್ನಿನಲ್ಲಿ ಇಳಿದಿದ್ದರು, ಆ ದರ್ಜಿಯ ಗಂಟಿನಲ್ಲಿ ಏನೂ ಇರಲಿಲ್ಲ. ಒಪ್ಪಿದೆ. ತಲೆ ಒಪ್ಪುತ್ತದೆ. ಆದರೂ ಪ್ಲಾಟ್‌ಫಾರ್ಮಿನಲ್ಲಿ ಯಾರಾದರೂ ಬಟ್ಟೆಯ ಗಂಟು ಹಿಡಿದು ನಿಂತರೆ ನನ್ನ ಬಾಯಿ ಒಣಗುತ್ತದೆ. ನೀನು ಹೇಳುವ ಮಾತಿನಿಂದ ಇದು ಗುಣವಾಗುವುದಿಲ್ಲ. ಆದ್ದರಿಂದ ಹೇಳಬೇಡ.

ಮನೆಯ ನಲ್ಲಿ ಸೋರುತ್ತಿತ್ತು. ಸರಿ ಮಾಡಿಸಿದೆಯಾ?

ಪೀಟರ್


ಹುಬ್ಬಳ್ಳಿ
20 ಜೂನ್ 2000

ಪೀಟರ್ ಅವರಿಗೆ,

ಹೇಳಬೇಡ ಎಂದಿರಿ, ಹೇಳಲಿಲ್ಲ. ನಾನೂ ಬರೆಯಲಿಲ್ಲ, ನೀವೂ ಬರೆಯಲಿಲ್ಲ. ವರ್ಷ ದಾಟಿ ಹೋಯಿತು. ನಲ್ಲಿಯನ್ನು ಆಗಲೇ ಸರಿ ಮಾಡಿಸಿದೆ. ನೀವು ಅಷ್ಟನ್ನಾದರೂ ಕೇಳಿದಿರಲ್ಲ ಎಂದು ಆ ಸಾಲನ್ನು ಬಹಳ ಸಲ ಓದಿದ್ದೇನೆ.

ಈಗ ನನಗೆ ಗೊತ್ತಿರುವುದನ್ನು ಹೇಳಿಬಿಡುತ್ತೇನೆ, ಸಿಟ್ಟಾಗಬೇಡಿ. ಹುಬ್ಬಳ್ಳಿಯ ಗಾಡಿ ನಿಮಗೆ ಹಾಕುವುದಿಲ್ಲ ಎಂದಿರಿ. ಸ್ಟೇಷನ್ನಿನ ಹತ್ತಿರ ಗಾರ್ಡು, ಡ್ರೈವರುಗಳು ತಂಗುವ ರನ್ನಿಂಗ್ ರೂಮಿನ ಅಡುಗೆಯ ನೀಲಪ್ಪ ಬೆಂಗೇರಿ ಸಂತೆಯಲ್ಲಿ ಸಿಕ್ಕಿದ್ದ. "ಸಾಹೇಬರು ಮೊನ್ನೆ ಬಂದಿದ್ರಲ್ರಿ ಬಾಯಾರ, ಮನಿಗೆ ಬರಲಿಲ್ಲೇನು?" ಎಂದು ಕೇಳಿದ. ನಾನು ಬದನೆಕಾಯಿ ಆರಿಸುತ್ತ, "ಬಂದಿದ್ರು, ಬಂದಿದ್ರು," ಎಂದೆ. ಸಂತೆಯ ನಡುವೆ ಎಷ್ಟು ಚೆನ್ನಾಗಿ ಸುಳ್ಳು ಹೇಳಿದೆನೆಂದರೆ ನನಗೇ ನಂಬಿಕೆ ಬಂತು. ಮನೆಗೆ ಬಂದು ನಿಮ್ಮ ಚಪ್ಪಲಿ ಇದೆಯೇ ಎಂದು ನೋಡಿದೆ.

ಅಂದಿನಿಂದ ನೀವು ಬಂದಾಗಲೆಲ್ಲ ನೀಲಪ್ಪನ ಕೈಯಲ್ಲಿ ಬುತ್ತಿ ಕಳಿಸುತ್ತಿದ್ದೇನೆ. ಮನೆಯಿಂದ ಬಂತು ಎಂದಷ್ಟೇ ಹೇಳು ಎಂದಿದ್ದೆ. ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಒಮ್ಮೆ ಎಣ್ಣೆಗಾಯಿ ಪಲ್ಯ. ಪ್ರತಿ ಸಲವೂ ಗಂಟು ಹೋದ ಹಾಗೆಯೇ ಹಿಂದೆ ಬರುತ್ತದೆ. "ಸಾಹೇಬರು ಮುಂದ ಇಟ್ಟಕೊಂಡು ಕುಂದರ್ತಾರ್ರಿ, ಬಿಚ್ಚಂಗಿಲ್ಲ," ಎನ್ನುತ್ತಾನೆ ನೀಲಪ್ಪ. ನಾನು ಅದನ್ನು ಬಿಚ್ಚಿ, ನೀವು ಮುಟ್ಟಿದ ಗಂಟು ಎಂದು, ತಂಗಳ ರೊಟ್ಟಿಯನ್ನೇ ತಿನ್ನುತ್ತೇನೆ. ನಮ್ಮ ಸಂಸಾರ ಈಗ ಇಷ್ಟು.

ಮನೆಯಿಂದ ರನ್ನಿಂಗ್ ರೂಮಿಗೆ ಎಷ್ಟು ದೂರ ಎಂದು ನಿಮಗೂ ಗೊತ್ತು. ನಾನೇ ಅಲ್ಲಿಗೆ ಬರಬಹುದಿತ್ತು. ನಿಮ್ಮನ್ನು ಹಿಡಿದು ತಂದ ಹಾಗಾಗಬಾರದು ಎಂದು ಬಂದಿಲ್ಲ.

ಶಾಲೆಯ ಸಮಾಚಾರ. ಇಲ್ಲಿಗೆ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿರುವ ಕಲ್ಲೇಶ ಎಂಬ ತರುಣ ನಮ್ಮ ಗೇಟಿನಲ್ಲಿ ನಿಂತು ಹುಡುಗರಿಗೆ ಕರಪತ್ರ ಹಂಚುತ್ತಿದ್ದ, ಗುಟ್ಟಿನ ಕೂಟಗಳಿಗೆ ಕರೆಯುತ್ತಿದ್ದ. ಒಂದು ಶನಿವಾರ ನೇರ ಒಳಗೇ ಬಂದು ಬೇಗಂ ಅವರೆದುರು ನಿಂತ. "ನಿಮ್ಮ ಮಂದಿ ಬಾಂಬ್ ಇಡ್ತಾರ, ನೀವು ಇಲ್ಲಿ ರೊಟ್ಟಿ ಹಂಚಾಕತ್ತೀರೇನು?" ಎಂದ. ಅವರು ಸೆರಗು ಸರಿ ಮಾಡಿಕೊಂಡು, "ನನ್ನ ಗಂಡ ಆ ಗಾಡ್ಯಾಗ ಸತ್ತ, ತಮ್ಮಾ. ಇಟ್ಟಾವ ಅವಂಗ ಏನೂ ಕೇಳಲಿಲ್ಲ, ನನಗೂ ಕೇಳಲಿಲ್ಲ. ಕೆಲಸ ಮುಗಿಸಿ ಬಂದೀ ಕಾಣತೈತಿ, ಕುಂದರು, ಉಣ್ಣು," ಎಂದರು.

ಅವನು ಉಣ್ಣಲಿಲ್ಲ. ಆದರೆ ಮುಂದಿನ ಶನಿವಾರ ವಾದ ಮಾಡಲು ಮತ್ತೆ ಬಂದ. ಈಗಲೂ ಬರುತ್ತಾನೆ, ಜಗಳ ಮಾಡುತ್ತಾನೆ, ನಮ್ಮ ಯಾವ ಮಾತನ್ನೂ ಒಪ್ಪುವುದಿಲ್ಲ. ಆದರೆ ಆ ಕೂಟಗಳು ನಡೆಯುವುದೂ ಶನಿವಾರ ಮಧ್ಯಾಹ್ನವೇ ಅಂತೆ, ಅದು ಅವನಿಗೆ ತಪ್ಪುತ್ತಿದೆ. ಮೊನ್ನೆ ಬಾಯಿ ತಪ್ಪಿ, ಹತ್ತನೇ ತರಗತಿ ಮುಗಿಸಿದರೂ ಶನಿವಾರ ತಪ್ಪದೆ ಬರುವ ತಾಜಬಿಯ ಬುತ್ತಿಯಿಂದ ಉಪ್ಪಿನಕಾಯಿ ತಿಂದ.

ಅವನೂ ಬರುತ್ತಾನೆ. ನೀವು ಬರುವುದಿಲ್ಲ. ಊರ ಮಕ್ಕಳಿಗೆಲ್ಲ ಗಂಟು ಬಿಚ್ಚುವುದನ್ನು ಕಲಿಸಿ ಮನೆಯವರಿಗೆ ಕಲಿಸಲಾಗದ ಟೀಚರು ನಾನು. ನೀವು ಬೇಕು ನನಗೆ. ಇನ್ನು ಹೇಗೆ ಬರೆಯಲಿ?

ಸೂಸನ್


ಗುಂತಕಲ್
30 ಆಗಸ್ಟ್ 2000

ಸೂಸನ್,

ಹೌದು. ಬಂದಿದ್ದೆ. ಬಹಳ ಸಲ ಬಂದಿದ್ದೇನೆ.

ಕೇಶ್ವಾಪುರದ ತಿರುವಿನವರೆಗೂ ನಡೆದು ಬಂದಿದ್ದೇನೆ. ಅಲ್ಲಿಂದ ನಮ್ಮ ಕಿಟಕಿ ಕಾಣುತ್ತದೆ. ನಾನು ಡ್ಯೂಟಿ ಮುಗಿಸಿ ಬರುವಾಗ ಜೂಲಿಯಾ ಆ ಕಿಟಕಿಯ ಸರಳಿನಿಂದ ಹಸಿರು ಕರವಸ್ತ್ರ ಬೀಸುತ್ತಿದ್ದಳು, ಗಾಡಿ ಬರಲಿ ಎಂದು. ಅದು ಕಾಣದಿದ್ದರೆ ನನ್ನ ಕಾಲು ಮುಂದೆ ಹೋಗುವುದಿಲ್ಲ. ನಗು ಬೇಕಾದರೆ ನಗು. ಸಿಗ್ನಲ್ ಇಲ್ಲದೆ ಗಾಡಿ ಬಿಡುವುದು ನನಗೆ ಗೊತ್ತಿಲ್ಲ.

ಬುತ್ತಿ ನಿನ್ನದೆಂದು ಮೊದಲ ದಿನವೇ ತಿಳಿಯಿತು. ಅದು ನಿನ್ನ ಹಳೆಯ ನೀಲಿ ಸೀರೆಯ ತುಂಡು. ಮುಂದಿಟ್ಟುಕೊಂಡು ಕೂರುತ್ತೇನೆ. ಗಂಟಿಗೆ ಕೈ ಹಾಕಿದರೆ ಕಟ್ಟೆಯ ಮೇಲೆ ಉಳಿದ ಆ ಇನ್ನೊಂದು ಬುತ್ತಿ ಕಣ್ಣಿಗೆ ಬರುತ್ತದೆ. ಮಗು ಖಾಲಿ ಹೊಟ್ಟೆಯಲ್ಲಿ ಹೋದಳು, ಅಪ್ಪ ಕೂತು ರೊಟ್ಟಿ ಉಣ್ಣುತ್ತಾನೆ, ಇದು ನನ್ನಿಂದಾಗುವುದಿಲ್ಲ. ಹೋಟೆಲಿನ ಅನ್ನ ಉಣ್ಣುತ್ತೇನೆ. ಅದು ಊಟವಲ್ಲ, ಔಷಧ.

ಕಳೆದ ವಾರ ನನ್ನ ಗಾಡಿಯಲ್ಲಿ ಒಂದು ಸಂಸಾರ, ಬಳ್ಳಾರಿ ಕಡೆಯವರು, "ಸಾಹೇಬ್ರ, ಬರ್ರಿ, ಒಂದ್ ತುತ್ತು ತಗೋರ್ರಿ," ಎಂದು ಕರೆದರು. ಅವರಲ್ಲೊಂದು ಪುಟ್ಟ ಹುಡುಗಿ ಕೈ ಚಾಚಿ ನಿಂತಿತ್ತು. ನಾನು ಗಾಡಿಯ ಕೊನೆಯಲ್ಲಿರುವ ನನ್ನ ಬ್ರೇಕ್‌ವ್ಯಾನಿಗೆ ಹೋಗಿಬಿಟ್ಟೆ. ಅದರ ಮುಖ ಸಣ್ಣಗಾಯಿತು. ನಿನ್ನ ತರಗತಿಯಲ್ಲಿ ನಕ್ಕ ಮಕ್ಕಳಿಗಿಂತ ನಾನೇನು ಬೇರೆಯಲ್ಲ.

ನೀನು ಹೇಳಬೇಕೆಂದ ಆ ಮಾತು ಏನು? ಎದುರು ಬರುವ ಧೈರ್ಯ ನನಗಿಲ್ಲ. ಕಾಗದದಲ್ಲೇ ಬರೆ.

ಪೀಟರ್


ಹುಬ್ಬಳ್ಳಿ
24 ಸೆಪ್ಟೆಂಬರ್ 2000

ಪೀಟರ್ ಅವರಿಗೆ,

ನೀವು ಕೇಳಿದಿರಿ, ಆದ್ದರಿಂದ ಬರೆಯುತ್ತೇನೆ. ಕೂತು ಓದಿ.

ನಮ್ಮ ಜೂಲಿಯಾ ಹಸಕೊಂಡು ಹೋಗಲಿಲ್ಲ.

ಗಾಡಿ ಬಿಟ್ಟ ಮೇಲೆ ಬುತ್ತಿ ಮರೆತದ್ದು ನೆನಪಾಯಿತು. ಮುಂದಿನ ಸ್ಟೇಷನ್ನಿನಲ್ಲಿ ಬಾಳೆಹಣ್ಣು ಕೊಡಿಸುತ್ತೇನೆ ಎಂದೆ. ಅವಳು ಹಟ ಮಾಡುತ್ತಿದ್ದಳು, ನಿಮ್ಮ ಮಗಳಲ್ಲವೇ. ಎದುರಿನ ಸೀಟಿನಲ್ಲಿ ಗಡ್ಡದ ಒಬ್ಬ ಹಿರಿಯರು ಕೂತಿದ್ದರು. ಅವರು ತಮ್ಮ ಗಂಟು ಬಿಚ್ಚಿದರು. "ಅಳಬ್ಯಾಡವಾ. ಇದು ಶೇಂಗಾ ಹೋಳಿಗಿ. ನಮ್ಮಾಕಿ ಮಾಡ್ಯಾಳ, ಊರಿಗೆಲ್ಲಾ ಸಾಲೂವಷ್ಟು ಕಟ್ಟ್ಯಾಳ," ಎಂದು ಚಾಚಿದರು. ಅವಳು ನನ್ನ ಮುಖ ನೋಡಿದಳು. ಗಾಡಿಯಲ್ಲಿ ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನಬಾರದು ಎಂದು ಅವಳಿಗೆ ಕಲಿಸಿದವರು ನೀವೇ. ನಾನು ಹೂಂ ಎಂದೆ. ಒಂದು ತಿಂದಳು. ಇನ್ನೊಂದು ಕೇಳಿ ಇಸಿದುಕೊಂಡಳು. ಹಿರಿಯರಿಗೆ ಖುಷಿಯೋ ಖುಷಿ, ತಮ್ಮ ಪಾಲಿನದನ್ನೂ ಅವಳ ಮುಂದಿಟ್ಟರು. ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು ಅವಳು, "ಅವ್ವಾ, ನಿನಗ ಹಿಂಗ ಮಾಡಾಕ ಬರಂಗಿಲ್ಲ," ಎಂದು ನಕ್ಕಳು. ನನ್ನ ಬಲಗಿವಿ ಕೊನೆಗೆ ಕೇಳಿದ ಮಾತು ಅದು. ಆ ಕಿವಿ ಹೋದದ್ದಕ್ಕೆ ನಾನು ಯಾಕೆ ಹೆಚ್ಚು ಮರುಗಲಿಲ್ಲ ಎಂದು ಈಗ ತಿಳಿಯಿತೇ?

ಆ ಹಿರಿಯರೇ ಗುಲಾಬಸಾಬರು.

ನಾನು ಆಸ್ಪತ್ರೆಯಿಂದ ಮನೆಗೆ ಬಂದಾಗ ನೀವು ಆ ಪೇಪರ್ ಹಿಡಿದು, ಗಂಟು ಬಿಚ್ಚಿದವನನ್ನು ಶಪಿಸುತ್ತ ಕೂತಿದ್ದಿರಿ. ಅವನ ಕೈಯಿಂದಲೇ ನಮ್ಮ ಮಗಳು ಕೊನೆಯ ತುತ್ತು ತಿಂದಳು ಎಂದು ಆಗ ಹೇಳಿದ್ದರೆ ಆ ತುತ್ತನ್ನೂ ನೀವು ವಿಷ ಮಾಡಿಬಿಡುತ್ತಿದ್ದಿರಿ. ಅದೊಂದು ನನ್ನ ಹತ್ತಿರ ಉಳಿದ ಸಿಹಿ, ಹಾಳಾಗಲು ಬಿಡಲಿಲ್ಲ. ಆಮೇಲೆ ವರದಿ ಬಂತು, ಆದರೆ ನೀವೇ ಹೇಳಬೇಡ ಎಂದಿರಿ.

ಬೇಗಂ ಅವರ ಸ್ನೇಹ ಆದದ್ದು ಹೇಗೆ ಎಂದು ನೀವು ಯಾವತ್ತೂ ಕೇಳಲಿಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ಅವರು ಪ್ರತಿ ಮಂಚದ ಹತ್ತಿರ ಹೋಗಿ, ತಮ್ಮ ಗಂಡನನ್ನು ಕಂಡವರಿದ್ದೀರಾ ಎಂದು ವಿಚಾರಿಸುತ್ತಿದ್ದರು. ನಾನು ಕಂಡೆ ಎಂದೆ. ಗಂಡ ಹೇಗೆ ಸತ್ತರು ಎಂದು ಅವರು ಕೇಳಲಿಲ್ಲ. ಮಂಚದ ಅಂಚಿಗೆ ಕೂತು, "ನಾ ಕಟ್ಟಿದ ಬುತ್ತಿ ಖಾಲಿ ಆಗಿತ್ತೇನ್ರಿ?" ಎಂದರು. ನಾನು ಆಗಿತ್ತು ಎಂದೆ, ನಮ್ಮ ಮಗಳು ಉಂಡಳು ಎಂದೆ. ಇಬ್ಬರೂ ಕೈ ಹಿಡಿದುಕೊಂಡು ಅತ್ತೆವು. ಅಲ್ಲಿ ನನಗೆ ನೀವು ಬೇಕಾಗಿದ್ದಿರಿ, ಅವರು ಸಿಕ್ಕರು.

ಮುಂದಿನ ಸಲ ನೀವು ಬಂದಾಗ ನೀಲಪ್ಪ ತರುವ ಬುತ್ತಿ ನಾನು ಕಟ್ಟಿದ್ದಲ್ಲ, ಬೇಗಂ ಅವರು ಕಟ್ಟಿದ್ದು. ಅದರಲ್ಲಿ ಏನಿದೆ ಎಂದು ನಿಮಗೆ ಗೊತ್ತು. ಬಿಚ್ಚುವುದು, ಬಿಡುವುದು ನಿಮ್ಮ ಇಷ್ಟ. ಇದರ ಮೇಲೆ ನಾನು ಮತ್ತೆ ಕರೆಯುವುದಿಲ್ಲ.

ಸೂಸನ್


ರನ್ನಿಂಗ್ ರೂಮ್, ಹುಬ್ಬಳ್ಳಿ
18 ನವೆಂಬರ್ 2000, ಶನಿವಾರ ಬೆಳಗ್ಗೆ

ಸೂಸನ್,

ಇದಕ್ಕೆ ಅಂಚೆಚೀಟಿ ಇಲ್ಲ. ನೀಲಪ್ಪನೇ ಶಾಲೆಗೆ ತಂದು ಕೊಡುತ್ತಾನೆ.

ನಿನ್ನ ಪತ್ರ ಬಂದ ಮೇಲೆ ಹುಬ್ಬಳ್ಳಿಯ ಗಾಡಿಯನ್ನು ಬೇರೆಯವರಿಗೆ ಬಿಟ್ಟುಕೊಡುತ್ತ ಬಂದೆ. ಹೆದರಿಕೆಯಿಂದ. ಆ ಪತ್ರ ಜೇಬಿನಲ್ಲಿದ್ದು ಮಡಿಕೆಯಲ್ಲಿ ಹರಿದುಹೋಗಿದೆ. ನಿನ್ನೆ ನಾನೇ ಕೇಳಿ ಹಾಕಿಸಿಕೊಂಡು ಬಂದೆ.

ಗಂಟು ಬಿಚ್ಚಿದೆ. ಬೇಗ ಬಿಚ್ಚಲಿಲ್ಲ, ಅವರು ಕಟ್ಟುವುದು ನಿನಗಿಂತ ಬಿಗಿ. ಹೋಳಿಗೆ ತಿಂದೆ. ಎರಡನೆಯದಕ್ಕೆ ನಿಲ್ಲಿಸಬೇಕೆಂದಿದ್ದೆ, ನಿಲ್ಲಿಸಲಾಗಲಿಲ್ಲ. ಜೂಲಿಯಾ ಹೇಳಿದ್ದು ಖರೆ. ನಿನಗೆ ಹೀಗೆ ಮಾಡಲು ಬರುವುದಿಲ್ಲ. ತಿನ್ನುತ್ತ ಅತ್ತೆ, ನೀಲಪ್ಪ ನೋಡಿದ. "ಉಣ್ರಿ ಸಾಹೇಬ್ರ, ನಾ ಹೊರಗ ಇರ್ತೇನಿ," ಎಂದು ಬಾಗಿಲು ಎಳೆದುಕೊಂಡು ಹೋದ.

ನಿನ್ನ ಶನಿವಾರದ ತರಗತಿಗೆ ವಯಸ್ಸಿನ ಕಟ್ಟುಪಾಡು ಇದೆಯೇ? ಸ್ವಂತ ಕೈಯಿಂದ ಮಾಡಿದ ಬುತ್ತಿ ತರಬೇಕು ಎಂದು ನೀನು ಬರೆದಿದ್ದೆ. ಬೆಳಗ್ಗೆ ನೀಲಪ್ಪನ ಹತ್ತಿರ ಕೂತು ರೊಟ್ಟಿ ಬಡಿಯಲು ಕಲಿತೆ. ಅಂಚು ಒಡೆದಿವೆ, ಒಂದು ಸುಟ್ಟಿದೆ. ಇದನ್ನು ಎತ್ತಿಕೊಳ್ಳುವ ಮಗುವಿನ ಬಗ್ಗೆ ನನಗೆ ಮರುಕವಿದೆ. ಆ ಕಲ್ಲೇಶನಿಗೆ ಹೋದರೆ ಒಳ್ಳೆಯದು, ಜಗಳಕ್ಕೆ ಇನ್ನೊಂದು ವಿಷಯ ಸಿಕ್ಕ ಹಾಗಾಗುತ್ತದೆ.

ಕೇಶ್ವಾಪುರದ ತಿರುವಿನಿಂದ ಬರುವುದಿಲ್ಲ. ಇವತ್ತು ಬೇರೆ ದಾರಿಯಿಂದ ನೇರ ಬೆಂಗೇರಿಗೇ ಬರುತ್ತೇನೆ. ಶಾಲೆ ಬಿಟ್ಟ ಮೇಲೆ ಆ ತಿರುವನ್ನು ನೀನು ಜೊತೆಗಿದ್ದು ದಾಟಿಸಬೇಕು.

ಬುತ್ತಿ ಕಟ್ಟಿದ ಬಟ್ಟೆಯನ್ನು ತೊಳೆದು ಕಿಟಕಿಯಲ್ಲಿ ಹರವಿದ್ದೇನೆ. ಒಣಗಿದ ಕೂಡಲೇ ನನ್ನ ರೊಟ್ಟಿಗಳನ್ನು ಅದರಲ್ಲೇ ಕಟ್ಟಿಕೊಂಡು ಹೊರಡುತ್ತೇನೆ. ನಾನು ಬರುವುದರೊಳಗೆ ಬೇಗಂ ಅವರಿಗೆ ಒಂದು ಮಾತು ತಿಳಿಸು. ಈ ಸಲದ ಬುತ್ತಿಯೂ ಖಾಲಿಯಾಗಿದೆ.

ನಿನ್ನ ಪೀಟರ್